ಆಮಿಷ ಮತ್ತು ಅಸಹ್ಯ

ಕನ್ನಡದಲ್ಲಿ 'ಆಮಿಷ' ಎಂದರೆ ಪ್ರಲೋಭನೆ. ಚುನಾವಣೆ ಬಂದಾಗಲೆಲ್ಲ ಮತದಾರರಿಗೆ ಆಮಿಷ ಒಡ್ಡಿದ ಸುದ್ದಿಯನ್ನು ಓದುತ್ತೇವೆ. ಅಸ್ಸಾಮಿಯಲ್ಲಿ ಅದೇ ಪದಕ್ಕೆ ಮಾಂಸ ಎಂದು ಅರ್ಥ. ಮೂಲ ಸಂಸ್ಕೃತದಲ್ಲಿ ಎರಡೂ ಅರ್ಥಗಳಿದ್ದವು. ನಾವು ಗಾಳವನ್ನು ಇಟ್ಟುಕೊಂಡೆವು, ಅವರು ಮಾಂಸವನ್ನು ಇಟ್ಟುಕೊಂಡರು. ಭಾಸ್ಕರ್ ಹಜಾರಿಕಾ ನಿರ್ದೇಶಿಸಿದ ಅಸ್ಸಾಮಿ ಚಿತ್ರ 'ಆಮಿಸ್' (2019) ಈ ಎರಡು ಅರ್ಥಗಳ ನಡುವೆ ಓಡಾಡುತ್ತದೆ. ಈ ಚಿತ್ರವನ್ನು ಮೆಚ್ಚಿದವರಲ್ಲಿ ಹಲವರು ಇದನ್ನು ಆಹಾರ ಸ್ವಾತಂತ್ರ್ಯದ ಪರವಾದ ಚಿತ್ರವೆಂದೂ ಹೊಗಳಿದ್ದಾರೆ. ನನಗೆ ಈ ಮಾತನ್ನು ಒಪ್ಪಲಾಗಲಿಲ್ಲ. ಯಾಕೆಂದು ಹೇಳಬೇಕಾದರೆ ಕಥೆಯ ಗುಟ್ಟನ್ನೂ ಹೇಳಬೇಕಾಗುತ್ತದೆ. ಚಿತ್ರ ನೋಡಬೇಕೆಂದಿರುವವರು ಕ್ಷಮಿಸಬೇಕು.

ಗುವಾಹಟಿಯ ಮಕ್ಕಳ ವೈದ್ಯೆ ನಿರ್ಮಾಲಿ. ಗಂಡನೂ ವೈದ್ಯ, ಸದಾ ಊರೂರು ಸುತ್ತುತ್ತಿರುತ್ತಾನೆ. ಸುಮನ್ ಎಂಬ ಯುವಕ ಈಶಾನ್ಯದ ಜನರ ಮಾಂಸಾಹಾರ ಪದ್ಧತಿಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾನೆ. ಗೆಳೆಯನ ಹೊಟ್ಟೆನೋವಿಗೆ ಔಷಧಿ ಕೇಳಲು ಬಂದವನೊಂದಿಗೆ ಪರಿಚಯವಾಗಿ, ಅದು ಊಟದ ಸ್ನೇಹವಾಗುತ್ತದೆ. ಪೇಟೆಯ ಹೋಟೆಲುಗಳಲ್ಲಿ ಸಿಗದ ಮಾಂಸಗಳನ್ನು ಅವನು ಅವಳಿಗೆ ಪರಿಚಯಿಸುತ್ತಾ ಹೋಗುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಮುಟ್ಟಲು ಧೈರ್ಯವೂ ಇಲ್ಲ. ಬಾಯಿಬಿಟ್ಟು ಹೇಳಲಾಗದ ಬಯಕೆಗೆ ಊಟವೇ ದಾರಿಯಾಗುತ್ತದೆ. ಒಂದು ದಿನ ಸುಮನ್ ತನ್ನದೇ ಮೈಯ ಮಾಂಸವನ್ನು ಕತ್ತರಿಸಿ, ಬೇಯಿಸಿ, ಅವಳಿಗೆ ಕೊಡುತ್ತಾನೆ. ಅಲ್ಲಿಂದ ಕಥೆ ಕೊಲೆಯ ತನಕ ಹೋಗುತ್ತದೆ.

ಚಿತ್ರದ ಮೊದಲ ಅರ್ಧ ನಿಜಕ್ಕೂ ಚೆನ್ನಾಗಿದೆ. ಒಬ್ಬರಿಗೆ ಅಸಹಜವಾದದ್ದು ಇನ್ನೊಬ್ಬರಿಗೆ ದಿನನಿತ್ಯದ ಊಟ ಎಂಬ ಸರಳ ಸತ್ಯವನ್ನು ಅದು ಭಾಷಣವಿಲ್ಲದೆ ಹೇಳುತ್ತದೆ. ನಾಲಿಗೆಯ ಹಿಂಜರಿಕೆ ಹೇಗೆ ಕುತೂಹಲವಾಗುತ್ತದೆ, ಕುತೂಹಲ ಹೇಗೆ ರುಚಿಯಾಗುತ್ತದೆ ಎಂಬುದನ್ನು ಲಿಮಾ ದಾಸ್ ಅವರ ಮುಖದಲ್ಲೇ ಓದಬಹುದು. ನನ್ನ ತಕರಾರು ಇರುವುದು ನಿರ್ದೇಶಕರು ಕಟ್ಟಿದ ಏಣಿಯ ಬಗ್ಗೆ. ಕೆಳಗಿನ ಮೆಟ್ಟಿಲಲ್ಲಿ ಅಪರೂಪದ ಮಾಂಸ, ಮೇಲಿನ ಮೆಟ್ಟಿಲಲ್ಲಿ ಮನುಷ್ಯನ ಮಾಂಸ. ಈ ಏಣಿ ಹಜಾರಿಕಾ ಅವರ ಸ್ವಂತ ಸೃಷ್ಟಿಯೇನಲ್ಲ. ಇವತ್ತು ಅದನ್ನು ತಿನ್ನುವವನು ನಾಳೆ ಏನನ್ನು ತಿನ್ನಲಿಕ್ಕಿಲ್ಲ ಎಂದು ಕೇಳುವವರ ಮನೆಯ ಅಟ್ಟದಲ್ಲಿ ಅದು ಬಹಳ ಹಿಂದಿನಿಂದಲೂ ಇದೆ. ಮಾಂಸ ತಿನ್ನುವವರು ಕ್ರೂರಿಗಳಾಗುತ್ತಾರೆ ಎಂಬ ಮಾತನ್ನು ನಮ್ಮಲ್ಲಿ ಶಾಲೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳದ ಮುಸ್ಲಿಮರಾಗಲಿ ದಲಿತರಾಗಲಿ ಕಡಿಮೆ.

ಇದು ಆಹಾರದ ಕುರಿತ ಚಿತ್ರವಲ್ಲ, ಅದುಮಿಟ್ಟ ಪ್ರೇಮದ ಕುರಿತ ಚಿತ್ರ, ಮಾಂಸ ಬರೀ ರೂಪಕ ಎಂದು ವಾದಿಸಬಹುದು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕೊನೆಯಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿ ಕ್ಯಾಮೆರಾಗಳ ಮುಂದೆ ನಿಲ್ಲಿಸಿದಾಗ ಇಬ್ಬರೂ ಮೊದಲ ಬಾರಿಗೆ ಕೈ ಹಿಡಿದುಕೊಳ್ಳುವ ದೃಶ್ಯ ಮನಸ್ಸನ್ನು ಕಲಕುತ್ತದೆ. ಆದರೆ ರೂಪಕಕ್ಕೆ ಬೇಕಾದ ಕಚ್ಚಾವಸ್ತುವನ್ನು ತಂದದ್ದು ಎಲ್ಲಿಂದ? ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ನೀವು ನಾಯಿ ತಿನ್ನುತ್ತೀರಾ, ಹಾವು ತಿನ್ನುತ್ತೀರಾ ಎಂಬ ಪ್ರಶ್ನೆಗೆ ದಿನವೂ ಉತ್ತರಿಸಬೇಕಾದ ಜನರ ಅಡುಗೆಮನೆಯಿಂದ. ಸುಮನ್ ಫ್ರೆಂಚ್ ಗಿಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದರೆ ಕಥೆ ಅಲ್ಲಿಗೆ ತಲುಪುತ್ತಿತ್ತೇ?

ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದ ಇನ್ನೊಂದು ಚಿತ್ರ ನಿಕೋಲಸ್ ಖರ್ಕೊಂಗೊರ್ ಅವರ 'ಅಖುನಿ'. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕುಸುರಿಯಲ್ಲಿ ಅದು 'ಆಮಿಸ್'ನ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಲ್ಲಿ ಹಾಸ್ಯ ಸಪ್ಪೆ, ಎಲ್ಲರನ್ನೂ ಒಳ್ಳೆಯವರನ್ನಾಗಿಸಿ ಮನೆಗೆ ಕಳುಹಿಸುವ ಆತುರವೂ ಇದೆ. ಆದರೆ ವಿಷಯ ಅದಕ್ಕೆ ಅರ್ಥವಾಗಿದೆ. ಅಖುನಿ ಎಂದರೆ ನಾಗಾಲ್ಯಾಂಡಿನಲ್ಲಿ ಸೋಯಾಕಾಳನ್ನು ಬೇಯಿಸಿ ಹುದುಗಿಸಿ ಮಾಡುವ ಪದಾರ್ಥ, ಹಂದಿ ಮಾಂಸದ ಅಡುಗೆಗೆ ಹಾಕುತ್ತಾರೆ. ವಾಸನೆ ಗಾಢ. ದಿಲ್ಲಿಯ ಹುಮಾಯೂನ್‌ಪುರದಲ್ಲಿ ಬಾಡಿಗೆಗಿರುವ ಈಶಾನ್ಯದ ಯುವಕ ಯುವತಿಯರು ಗೆಳತಿಯ ಮದುವೆಗೆ ಈ ಅಡುಗೆ ಮಾಡಬೇಕು, ಆದರೆ ಮನೆಯೊಡತಿಗೆ ವಾಸನೆ ಗೊತ್ತಾಗಬಾರದು. ಇಡೀ ಚಿತ್ರ ಒಂದು ಒಲೆಗಾಗಿ ನಡೆಯುವ ಹುಡುಕಾಟ. ಪಾತ್ರೆಯೊಳಗೆ ಏನಿದೆ ಎಂಬುದಕ್ಕಿಂತ ಮನೆ ಯಾರದ್ದು ಎಂಬುದು ಮುಖ್ಯ ಎಂದು ಇದಕ್ಕೆ ತಿಳಿದಿದೆ. ಬಾಧಿತರೆಲ್ಲ ಸಂತರೆಂದೂ ಅದು ಹೇಳುವುದಿಲ್ಲ. ಗುಂಪಿನಲ್ಲಿರುವ ನೇಪಾಳಿ ಹುಡುಗಿ ಉಪಾಸನಾ 'ನಿಜವಾದ' ಈಶಾನ್ಯದವಳಲ್ಲ ಎಂಬ ಮಾತು ಜಗಳದ ನಡುವೆ ಗೆಳತಿಯ ಬಾಯಿಂದಲೇ ಬೀಳುತ್ತದೆ.

ಇದು ಕಲ್ಪನೆಯ ಮಾತಲ್ಲ. 2007ರಲ್ಲಿ ದಿಲ್ಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಹೊರಡಿಸಿದ್ದರು. ಅದರಲ್ಲಿ ಬಿದಿರಿನ ಕಳಲೆ, ಅಖುನಿಯಂಥ ವಾಸನೆಯ ಅಡುಗೆಗಳನ್ನು ಅಕ್ಕಪಕ್ಕದಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಿ ಎಂಬ ಸಲಹೆಯಿತ್ತು. ಕಳಲೆ! ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಎಷ್ಟು ಮನೆಗಳಲ್ಲಿ ಅದನ್ನು ನೀರಲ್ಲಿ ನೆನೆಹಾಕುತ್ತಾರೋ ಆ ಪೊಲೀಸರಿಗೆ ಯಾರಾದರೂ ಹೇಳಬೇಕಿತ್ತು.

ವಾಸನೆಯೇ ಸಮಸ್ಯೆಯೆಂದು ನಂಬುವವರು ಜಪಾನಿನತ್ತ ನೋಡಬಹುದು. ಅಲ್ಲಿನ 'ನಾಟ್ಟೊ' ಕೂಡ ಹುದುಗಿಸಿದ ಸೋಯಾಕಾಳೇ. ಅಖುನಿಯನ್ನು ಹುದುಗಿಸುವ ಬ್ಯಾಕ್ಟೀರಿಯಾ ಯಾವ ಜಾತಿಯದೋ ಇದರದ್ದೂ ಅದೇ. ವಾಸನೆಯಲ್ಲೂ ಇಬ್ಬರೂ ಸಂಬಂಧಿಕರು. ಆದರೆ ನಾಟ್ಟೊ ಆರೋಗ್ಯಾಹಾರವೆಂದು ಗಾಜಿನ ಶೋಕೇಸಿನಲ್ಲಿ ಕೂರುತ್ತದೆ, ಅಖುನಿ ಬಾಗಿಲು ಹಾಕಿಕೊಂಡು ಬೇಯುತ್ತದೆ. ಹಸಿ ಮೀನಿನ ಕಥೆ ಇನ್ನೂ ಸ್ವಾರಸ್ಯದ್ದು. ಸೂಶಿಯ ಹಳೆಯ ರೂಪದಲ್ಲಿ ಮೀನನ್ನು ಉಪ್ಪು ಮತ್ತು ಅನ್ನದೊಳಗೆ ತಿಂಗಳುಗಟ್ಟಲೆ ಹುದುಗಿಸಿ, ಅನ್ನವನ್ನು ಎಸೆದು ಮೀನನ್ನು ಮಾತ್ರ ತಿನ್ನುತ್ತಿದ್ದರು. ಈಗ ನಾವು ಕಾಣುವ, ಅನ್ನದ ಉಂಡೆಯ ಮೇಲೆ ಮೀನಿನ ಚೂರಿಟ್ಟ ತಿನಿಸು ಬಳಕೆಗೆ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಇವತ್ತು ಟೋಕಿಯೋ ಆಗಿರುವ ಎಡೊ ನಗರದಲ್ಲಿ. ಬೀದಿಬದಿಯಲ್ಲಿ ನಿಂತು ತಿನ್ನುವ ತಿಂಡಿ ಅದು. ಹಸಿ ಮೀನೆಂದರೆ ಮುಖ ಸಿಂಡರಿಸುತ್ತಿದ್ದ ಅಮೆರಿಕದವರು 1960ರ ದಶಕದಿಂದೀಚೆಗೆ ಅದಕ್ಕೆ ಒಲಿದರು. ಅವರ ನಾಲಿಗೆ ಬದಲಾಯಿತು ಎನ್ನುವುದಕ್ಕಿಂತ ಜಪಾನಿನ ಕಾರು, ಕ್ಯಾಮೆರಾಗಳು ಅಷ್ಟರಲ್ಲಿ ಅವರ ಮನೆ ಸೇರಿದ್ದವು ಎನ್ನುವುದು ಹೆಚ್ಚು ಸರಿ. ಇಂದು ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಸೂಶಿ ತಿನ್ನುವುದು ಅಂತಸ್ತಿನ ಗುರುತು. ಅದೇ ನಗರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮಂಗಳೂರಿನ ಕಡೆಯ ಹೆಂಗಸೊಬ್ಬಳು ಒಣಮೀನು ಹುರಿದರೆ ಲಿಫ್ಟಿನ ಪಕ್ಕ ನೋಟೀಸು ಅಂಟುತ್ತದೆ.

ಹಾಗೆಂದು ಎಲ್ಲರೂ ಎಲ್ಲವನ್ನೂ ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ಅಖುನಿಯ ಜೊತೆ ಬೇಯುವ ಹಂದಿ ನನಗೆ ನಿಷಿದ್ಧ, ಅದರಲ್ಲಿ ಚರ್ಚೆಯಿಲ್ಲ. ಆದರೆ ನಿಷೇಧ ಬೇರೆ, ಅಸಹ್ಯ ಬೇರೆ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳೆರಡರಲ್ಲೂ ಬರುವ ಪ್ರಸಂಗವೊಂದು ಇಲ್ಲಿ ನೆನಪಾಗುತ್ತದೆ. ಪ್ರವಾದಿ(ಸ)ಯವರ ಮುಂದೆ ಮರುಭೂಮಿಯ ಉಡದಂಥ ಪ್ರಾಣಿಯ ಸುಟ್ಟ ಮಾಂಸವನ್ನು ತಂದಿಟ್ಟಾಗ ಅವರು ಕೈ ಹಿಂದೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್ ಕೇಳಿದರು. ಅಲ್ಲ, ತಮ್ಮ ಜನರ ನಾಡಿನಲ್ಲಿ ಇದು ಇಲ್ಲದ್ದರಿಂದ ತಮಗೆ ಮನಸ್ಸಾಗುತ್ತಿಲ್ಲ ಅಷ್ಟೇ ಎಂಬ ಅರ್ಥದ ಉತ್ತರ ಬಂತು. ಖಾಲಿದ್ ಅದನ್ನು ತಮ್ಮತ್ತ ಎಳೆದುಕೊಂಡು, ಪ್ರವಾದಿ(ಸ)ಯವರು ನೋಡುತ್ತಿರುವಂತೆಯೇ ತಿಂದರು. ಮುಂದೆ ಹನಫಿ ವಿದ್ವಾಂಸರು ಆ ಮಾಂಸವನ್ನು ಅಪ್ರಿಯವೆಂದು ಬಗೆದರು, ಶಾಫಿಗಳು ತಿನ್ನಬಹುದೆಂದರು. ಕಡಲಿನ ವಿಷಯದಲ್ಲೂ ಹಾಗೆಯೇ. ಶಾಫಿಗಳಾದ ಕರಾವಳಿಯ ಬ್ಯಾರಿಗಳ ಮನೆಯಲ್ಲಿ ಬೊಂಡಾಸ್ ಹಬ್ಬದೂಟ. ಮೀನಿನ ಹೊರತು ಬೇರೆ ಕಡಲಜೀವಿ ಸಲ್ಲದೆನ್ನುವ ಹನಫಿ ನೆಂಟ ಘಟ್ಟದ ಮೇಲಿನಿಂದ ಬಂದರೆ ಅವನ ಬಟ್ಟಲಿಗೆ ಬಂಗುಡೆ ಬೀಳುತ್ತದೆ. ಊಟ ಒಂದೇ ಸುಪ್ರದಲ್ಲಿ ನಡೆಯುತ್ತದೆ.

ಅಸಹ್ಯ ತನ್ನ ಬಟ್ಟಲನ್ನು ದಾಟಿ ಇನ್ನೊಬ್ಬನ ಬಟ್ಟಲಿಗೆ ಕೈಹಾಕಿದಾಗ ಮಾತ್ರ ಅದು ರಾಜಕಾರಣವಾಗುತ್ತದೆ. 2020ರ ಜುಲೈಯಲ್ಲಿ ನಾಗಾಲ್ಯಾಂಡ್ ಸರಕಾರ ನಾಯಿ ಮಾಂಸದ ಮಾರಾಟವನ್ನು ನಿಷೇಧಿಸಿತು. 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶವನ್ನು ರದ್ದುಪಡಿಸಿತು. ಬಾಯಿ ಕಟ್ಟಿ ಗೋಣಿಚೀಲದಲ್ಲಿ ತುಂಬಿ ನಾಯಿಗಳನ್ನು ಸಾಗಿಸುವುದು ಹಿಂಸೆಯೇ, ಅದನ್ನು ಪ್ರಶ್ನಿಸಲೇಬೇಕು. ಅದೇ ಪ್ರಶ್ನೆಯನ್ನು ಲಾರಿಯ ಪಂಜರದಲ್ಲಿ ಒಂದರ ಮೇಲೊಂದು ತುರುಕಿದ ಬ್ರಾಯ್ಲರ್ ಕೋಳಿಯ ಪರವಾಗಿಯೂ ಕೇಳಿದರೆ ಅದು ಕರುಣೆ. ಒಂದರ ಬಗ್ಗೆ ಮಾತ್ರ ಕೇಳುವವರಿಗೆ ಬೇರೇನೋ ಉದ್ದೇಶವಿರುತ್ತದೆ.

ಆ ಉದ್ದೇಶ ಏನಿರಬಹುದೆಂಬುದನ್ನು 2024ರ ಜುಲೈಯಲ್ಲಿ ಬೆಂಗಳೂರಿನಲ್ಲೇ ನೋಡಿದೆವು. ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸದ ಪೆಟ್ಟಿಗೆಗಳನ್ನು ನಿಲ್ದಾಣದಲ್ಲಿ ತಡೆದು, ಬಾಲ ಉದ್ದವಿದೆ, ಇದು ನಾಯಿ ಎಂದು ಗದ್ದಲವೆಬ್ಬಿಸಲಾಯಿತು. ಸರಕು ತರಿಸಿದವರು ಮುಸ್ಲಿಂ ವ್ಯಾಪಾರಿ. ಅರ್ಧ ರಾತ್ರಿಯೊಳಗೆ ವೀಡಿಯೊಗಳು ಊರೆಲ್ಲ ಹರಿದಾಡಿದವು. ಬಿರಿಯಾನಿ ಅಂಗಡಿಗಳ ಬಗ್ಗೆ ಜೋಕುಗಳು ಹುಟ್ಟಿದವು. ಕೆಲವು ದಿನಗಳ ಬಳಿಕ ಪ್ರಯೋಗಾಲಯದ ವರದಿ ಬಂತು: ಅದು ನಾಯಿಯ ಮಾಂಸವಲ್ಲ. ಅಲ್ಲಿಗೆ ವ್ಯಾಪಾರಿಯ ಒಂದು ಲೋಡು ಮಾಂಸವೂ ಹೋಗಿತ್ತು, ಹೆಸರೂ ಹೋಗಿತ್ತು.

ಅದೇ ನಿಲ್ದಾಣದಿಂದ 2012ರ ಆಗಸ್ಟ್‌ನಲ್ಲಿ ಸಾವಿರಾರು ಈಶಾನ್ಯದ ಯುವಕ ಯುವತಿಯರು ಗುವಾಹಟಿಯ ರೈಲು ಹತ್ತಿದ್ದರು. ಮುಸ್ಲಿಮರು ದಾಳಿ ಮಾಡಲಿದ್ದಾರೆಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ ಹಬ್ಬಿತ್ತು. ಅಂದು ಅವರನ್ನು ನಿಲ್ಲಿಸಲು, ಹೋಗಬೇಡಿ ಎನ್ನಲು ಪ್ಲಾಟ್‌ಫಾರ್ಮಿಗೆ ಹೋದವರಲ್ಲಿ ಮುಸ್ಲಿಂ ಸಂಘಟನೆಗಳವರೂ ಇದ್ದರು. ಹಾಗೆ ರೈಲು ಹತ್ತಿದವರಲ್ಲಿ ಒಬ್ಬಳು, ಮತ್ತು ಹನ್ನೆರಡು ವರ್ಷಗಳ ಬಳಿಕ ಪೆಟ್ಟಿಗೆಗಳ ಪಕ್ಕ ಕೈಕಟ್ಟಿ ನಿಂತ ಆ ವ್ಯಾಪಾರಿಯ ಕಡೆಯವನೊಬ್ಬ: ಇವರಿಬ್ಬರನ್ನು ಒಂದೇ ಮೇಜಿಗೆ ಕೂರಿಸುವ ಚಿತ್ರವನ್ನು ಯಾರಾದರೂ ಮಾಡಿದರೆ ನಾನು ಟಿಕೆಟು ಕೊಂಡು ನೋಡುತ್ತೇನೆ. ಇಬ್ಬರೂ ಒಂದೇ ಬಟ್ಟಲಿನಿಂದ ತಿನ್ನಬೇಕೆಂದೇನಿಲ್ಲ.