ಮೂರು ವಯಸ್ಸು, ಒಂದು ಸೀಸೆ

ಬಿಯರ್ ಎಂದರೆ ತಣ್ಣಗಿರಬೇಕು, ತುಸು ಕಹಿ ಇರಬೇಕು ಎಂದುಕೊಂಡು ಬೆಲ್ಜಿಯಂನ ಗ್ಯೂಝ್ ಸೀಸೆ ತೆರೆದವರು ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ಹುಳಿ ಹಲ್ಲಿಗೆ ತಾಗುತ್ತದೆ, ಕುದುರೆ ಲಾಯದ ವಾಸನೆ ಮೂಗಿಗೆ ಬಡಿಯುತ್ತದೆ, ಕಹಿ ಮಾತ್ರ ಹುಡುಕಿದರೂ ಸಿಗದು. ಕೆಟ್ಟುಹೋಗಿದೆ ಎಂದು ಬದಿಗಿಡಬೇಡಿ. ಇದನ್ನು ಸವಿಯಲು ಒಂದು ಅಭ್ಯಾಸ ಸಾಕು. ಎಷ್ಟು ಹುಳಿಯಿದೆ ಎಂದು ಅಳೆಯುವುದನ್ನು ಬಿಟ್ಟು, ಇದರಲ್ಲಿ ಎಳೆಯದು ಎಲ್ಲಿದೆ, ಹಳೆಯದು ಎಲ್ಲಿದೆ ಎಂದು ನಾಲಗೆಯಿಂದ ಹುಡುಕಬೇಕು. ಗ್ಯೂಝ್ ಎನ್ನುವುದು ಬೇರೆ ಬೇರೆ ವಯಸ್ಸಿನ, ಲ್ಯಾಂಬಿಕ್ ಎಂಬ ಬಿಯರ್‌ಗಳನ್ನು ಬೆರೆಸಿ ಸೀಸೆಗೆ ತುಂಬಿದ ಪಾನೀಯ. ಬೇಯಿಸಿದವರಷ್ಟೇ, ನನ್ನ ಮಟ್ಟಿಗೆ ಅವರಿಗಿಂತಲೂ ಹೆಚ್ಚಾಗಿ, ಅದು ಬೆರೆಸಿದವರ ಕೃತಿ.

ಲ್ಯಾಂಬಿಕ್‌ನ ತವರು ಬ್ರಸೆಲ್ಸ್ ನಗರ, ಸೆನ್ನೆ ಹೊಳೆಯ ಕಣಿವೆ, ನಗರದ ನೈಋತ್ಯಕ್ಕೆ ಹಬ್ಬಿದ ಪಾಯೊಟನ್‌ಲ್ಯಾಂಡ್‌ನ ಹಳ್ಳಿಗಳು. ಸುಮಾರು ಮೂರನೇ ಒಂದು ಪಾಲು ಮೊಳಕೆ ಬರಿಸದ ಗೋಧಿ, ಉಳಿದದ್ದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಹಾಪ್ಸ್ ಹೂವನ್ನು ಎರಡು ಮೂರು ವರ್ಷ ಹಳತಾಗಿಸಿಯೇ ಹಾಕುತ್ತಾರೆ. ಅಷ್ಟರಲ್ಲಿ ಅದರ ಕಹಿ ಇಳಿದಿರುತ್ತದೆ, ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಉಳಿದಿರುತ್ತದೆ. ಗಂಟೆಗಟ್ಟಲೆ ಕುದಿಸಿದ ಈ ರಸವನ್ನು ಅಟ್ಟದ ಮೇಲಿನ ಅಗಲವಾದ, ಆಳವಿಲ್ಲದ ತೊಟ್ಟಿಗೆ ಸುರಿದು ರಾತ್ರಿಯಿಡೀ ಆರಲು ಬಿಡುತ್ತಾರೆ. ಯೀಸ್ಟನ್ನು ಯಾರೂ ಹಾಕುವುದಿಲ್ಲ. ತಣ್ಣನೆಯ ಗಾಳಿಯಲ್ಲಿ, ಹಳೆಯ ತೊಲೆಗಳಲ್ಲಿ, ಪೀಪಾಯಿಗಳ ಮರದಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳೇ ಬಂದು ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಬೇಡದವೂ ಬರುವುದರಿಂದ ಕೆಲಸವೆಲ್ಲ ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಚಳಿಯ ತಿಂಗಳುಗಳಲ್ಲೇ ನಡೆಯಬೇಕು.

ಬೆಳಿಗ್ಗೆ ಓಕ್ ಪೀಪಾಯಿಗೆ ಇಳಿದ ಮೇಲೆ ನಿಧಾನದ ಕಥೆ. ಮೊದಲ ಕೆಲವು ತಿಂಗಳು ಸಾಮಾನ್ಯ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಸೆಕೆ ಏರಿದಾಗ ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ ಹುಳಿ ಕೂಡಿಸುತ್ತದೆ. ಕೆಲವು ಪೀಪಾಯಿಗಳಲ್ಲಿ ಲ್ಯಾಂಬಿಕ್ ಲೋಳೆಯಾಗಿ, ಸುರಿದರೆ ನೂಲಾಗಿ ಇಳಿಯುವುದೂ ಉಂಟು. ಬಲ್ಲವರು ಆಗ ಅದನ್ನು ಚೆಲ್ಲದೆ ಕಾಯುತ್ತಾರೆ. ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟ್ ತಿಂಗಳುಗಳ ಮೇಲೆ ಆ ಲೋಳೆಯನ್ನು ಕರಗಿಸುತ್ತದೆ, ಇತರ ಯೀಸ್ಟ್ ಜೀರ್ಣಿಸಲಾರದ ಸಕ್ಕರೆಯನ್ನೂ ಮೆಲ್ಲಗೆ ತಿನ್ನುತ್ತದೆ. ಒದ್ದೆ ಹುಲ್ಲು, ಹಳೆ ತೊಗಲು, ಲಾಯದ ವಾಸನೆಗಳೆಲ್ಲ ಅದರ ಕೊಡುಗೆ.

ಹೀಗಾಗಿ ಪೀಪಾಯಿಗೊಂದು ಸ್ವಭಾವ. ಬೆರೆಸುವವರ ಕಸುಬು ಹುಟ್ಟುವುದು ಇಲ್ಲಿ. ಒಂದು ವರ್ಷದ ಲ್ಯಾಂಬಿಕ್ ಮೃದು, ಇನ್ನೂ ತುಸು ಸಿಹಿ, ಜೀವಂತ ಯೀಸ್ಟ್ ತುಂಬಿರುತ್ತದೆ. ಮೂರು ವರ್ಷದ್ದು ಒಣಗಿದೆ, ಗಂಭೀರವಾಗಿದೆ, ಪರಿಮಳದಲ್ಲಿ ಆಳವಾಗಿದೆ, ಆದರೆ ಗುಳ್ಳೆ ಎಬ್ಬಿಸುವ ಸಕ್ಕರೆ ಅದರಲ್ಲಿ ಬಹುಪಾಲು ಮುಗಿದಿದೆ. ಎರಡು ವರ್ಷದ್ದು ಇವೆರಡನ್ನೂ ಕೂಡಿಸುತ್ತದೆ. ಪೀಪಾಯಿಯಿಂದ ಪೀಪಾಯಿಗೆ ಹೋಗಿ ರುಚಿ ನೋಡಿ ಪ್ರಮಾಣ ಗೊತ್ತುಮಾಡಬೇಕು. ಅದಕ್ಕೆ ಬರೆದಿಟ್ಟ ಸೂತ್ರವಿಲ್ಲ, ಕಳೆದ ವರ್ಷದ ಅಳತೆ ಈ ವರ್ಷಕ್ಕೆ ಒಗ್ಗದು. ದ್ವೋರ್ಪ್ ಊರಿನ ಹಾನ್ಸೆನ್ಸ್ ಮನೆತನದವರು ತಾವೇ ಬೇಯಿಸುವುದಿಲ್ಲ, ಬೇರೆಯವರಿಂದ ತಂದು ಹಳತಾಗಿಸಿ ಬೆರೆಸುತ್ತಾರೆ. 2009ರಲ್ಲಿ ಶುರುವಾದ ಟಿಲ್ಕಾಂ ಕೂಡ ಬೋನ್, ಲಿಂಡೆಮನ್ಸ್, ಜಿರಾರ್ಡಿನ್, ಕಾಂಟಿಯೋನ್ ಮನೆಗಳ ರಸವನ್ನು ತಂದು ತನ್ನ ಪೀಪಾಯಿಗಳಲ್ಲಿ ಬೆಳೆಸಿತು. ಬೋನ್ ಅವರದೇ ಗ್ಯೂಝ್ ಕುಡಿದು ಆಮೇಲೆ ಟಿಲ್ಕಾಂನದನ್ನು ಕುಡಿಯಿರಿ. ಭಾಗಶಃ ಒಂದೇ ಮೂಲದ ರಸ ಎರಡು ನೆಲಮಾಳಿಗೆಗಳಲ್ಲಿ ಎಷ್ಟು ಬೇರೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಬೆರಕೆ ಸೀಸೆಗಿಳಿದ ಮೇಲೂ ಕೆಲಸ ಮುಗಿದಿಲ್ಲ. ಎಳೆಯ ಲ್ಯಾಂಬಿಕ್ ತಂದ ಸಕ್ಕರೆಯನ್ನು ಯೀಸ್ಟ್ ಸೀಸೆಯೊಳಗೇ ತಿಂದು ಅನಿಲ ಹುಟ್ಟಿಸುತ್ತದೆ. ಆ ಒತ್ತಡ ತಾಳಲೆಂದೇ ಶಾಂಪೇನ್‌ನ ದಪ್ಪ ಗಾಜು, ಬಿಗಿಯಾದ ಬಿರಡೆ. ಎಳೆಯದು ಹೆಚ್ಚಾದರೆ ಸೀಸೆ ಒಡೆದೀತು, ಕಡಿಮೆಯಾದರೆ ಗ್ಯೂಝ್ ಸಪ್ಪೆಯಾದೀತು. ಸೀಸೆಗಳನ್ನು ಅಡ್ಡ ಮಲಗಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. 2009ರ ಮೇ ತಿಂಗಳಲ್ಲಿ ಬೇರ್ಸೆಲ್‌ನ ಗ್ಯೂಝ್ ಮನೆ ದ್ರೀ ಫೊಂಟೇನೆನ್‌ನಲ್ಲಿ ತಾಪ ನಿಯಂತ್ರಕ ಕೈಕೊಟ್ಟು ಸೀಸೆಗಳ ಕೋಣೆ ಕಾದುಹೋಯಿತು. ಸಾವಿರಾರು ಸೀಸೆಗಳು ಸಿಡಿದವು, ಉಳಿದವು ಕೆಟ್ಟವು. ಅಲ್ಲಿನ ಬೆರೆಸುಗಾರ ಅರ್ಮಾಂಡ್ ಡೆಬೆಲ್ಡರ್ ಆ ಹಾಳಾದ ಗ್ಯೂಝನ್ನು ಬಟ್ಟಿ ಇಳಿಸಿ ಮಾರಿದರು, ಮತ್ತೆ ಬೆರೆಸಲು ಕುಳಿತರು. 2022ರಲ್ಲಿ ತೀರಿಕೊಂಡ ಅವರನ್ನು ನೆನೆಯದೆ ಈ ಕಸುಬಿನ ಮಾತು ಪೂರ್ತಿಯಾಗದು.

ಈಗ ಲೋಟಕ್ಕೆ ಬರೋಣ. ಫ್ರಿಜ್‌ನ ಚಳಿ ಬೇಡ, ಸುಮಾರು 12 ಡಿಗ್ರಿ ಸಾಕು. ಅಡ್ಡ ಮಲಗಿದ್ದ ಸೀಸೆಯನ್ನು ಅಲುಗಿಸದೆ ಬಿದಿರಿನ ಬುಟ್ಟಿಯಲ್ಲಿ ಓರೆಯಾಗಿಟ್ಟು ತೆರೆದು, ಒಂದೇ ಓಟದಲ್ಲಿ ಎಲ್ಲರ ಲೋಟಕ್ಕೂ ಬಗ್ಗಿಸಿ. ತಳದ ಗಷ್ಟು ತಳದಲ್ಲೇ ಉಳಿಯಲಿ. ಮೂಸುವಾಗ ಲಾಯದ ವಾಸನೆಯಲ್ಲೇ ನಿಲ್ಲಬೇಡಿ, ಅದರ ಹಿಂದೆ ನಿಂಬೆ ಸಿಪ್ಪೆ, ಓಕ್ ಮರ, ಹಣ್ಣು ಕಾಯುತ್ತಿರುತ್ತವೆ. ಹುಳಿಯಲ್ಲೂ ಎರಡು ಬಗೆ ಗುರುತಿಸಿ. ಬಾಯಿತುಂಬ ಹರಡಿ ನೀರೂರಿಸುವುದು ಮಜ್ಜಿಗೆಯಲ್ಲಿರುವ ಲ್ಯಾಕ್ಟಿಕ್ ಆಮ್ಲ, ಗಂಟಲನ್ನು ಕೆರೆಯುವುದು ವಿನೆಗರ್‌ನದು. ಎರಡನೆಯದು ಮುಂದೆ ನುಗ್ಗಿದರೆ ಬೆರಕೆ ತಪ್ಪಿದೆ ಎನ್ನಲು ಹಿಂಜರಿಯಬೇಡಿ. ನಾಲಗೆಯ ನಡುವೆ ಸಿಗುವ ಮೈ ಎಳೆಯದರದು. ನುಂಗಿದ ಮೇಲೆ ಉಳಿಯುವ ಒಣ ಒಗರು ಹಳೆಯದರದು, ಪೀಪಾಯಿಯ ಮರದ್ದೂ ಹೌದು. ಬ್ರಸೆಲ್ಸ್‌ಗೆ ಹೋದವರು ಆಂಡರ್‌ಲೆಕ್ಟ್‌ನ ಕಾಂಟಿಯೋನ್‌ಗೆ ಹೋಗಿ, ಬೆರೆಸದ, ಗುಳ್ಳೆಯಿಲ್ಲದ ಲ್ಯಾಂಬಿಕ್ ಒಂದು ಲೋಟ ಕುಡಿದು ಆಮೇಲೆ ಗ್ಯೂಝ್ ಮುಟ್ಟಿದರೆ ಈ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. 1900ರಲ್ಲಿ ಶುರುವಾದ ಆ ಮನೆ ಈಗ ವಸ್ತುಸಂಗ್ರಹಾಲಯವೂ ಹೌದು.

ಕೊಳ್ಳುವಾಗ ಚೀಟಿ ಓದಿ. ಸಿಹಿ ಕೂಡಿಸಿದ ಗ್ಯೂಝ್‌ಗಳು ಬೇಕಾದಷ್ಟಿವೆ, ಅವುಗಳಲ್ಲಿ ವಯಸ್ಸು ಹುಡುಕುವುದು ವ್ಯರ್ಥ. ‘ಔಡ ಗ್ಯೂಝ್’ ಎಂದಿದ್ದರೆ ಯುರೋಪಿನ ಒಕ್ಕೂಟದ ನಿಯಮದಂತೆ ಅದರ ಅತಿ ಹಳೆಯ ಪಾಲಿಗೆ ಕನಿಷ್ಠ 3 ವರ್ಷ ಆಗಿರಲೇಬೇಕು. ಕಾಂಟಿಯೋನ್ ಈ ಹೆಸರು ಬಳಸದಿದ್ದರೂ ಅದರದ್ದು ಅಪ್ಪಟ ಬೆರಕೆ. ಒಂದೇ ಬೆರಕೆಯ ಎರಡು ಸೀಸೆ ಕೊಂಡು, ಒಂದನ್ನು ಈಗಲೇ ತೆರೆದು, ಇನ್ನೊಂದನ್ನು ತಂಪು ಕತ್ತಲಲ್ಲಿ ಐದು ವರ್ಷ ಮಲಗಿಸಿ ನೋಡಿ. ಹುಳಿ ಚೆರಿ ನೆನೆಸಿದ ಕ್ರೀಕ್ ತಂದರೆ ಮಾತ್ರ ಹಾಗೆ ಕಾಯಬೇಡಿ. ಹಣ್ಣಿನ ಬಣ್ಣ, ಪರಿಮಳ ಬೇಗ ಮಾಸುತ್ತವೆ. ಅದನ್ನು ತಂದ ವರ್ಷದಲ್ಲೇ ತೆರೆಯುವುದು ಲೇಸು.