ಮತ ಜನರದ್ದು, ಪ್ರಶ್ನೆ ಯಾರದ್ದು?

ವೀಕ್ಷಕರೇ ಮತ ಹಾಕಿ ಆರಿಸುವ ಬ್ರಿಟನ್ನಿನ ನ್ಯಾಷನಲ್ ಟೆಲಿವಿಷನ್ ಅವಾರ್ಡ್ಸ್‌ನಲ್ಲಿ 2001ರಿಂದ 2024ರವರೆಗೆ ನಿರೂಪಕ ಪ್ರಶಸ್ತಿಯನ್ನು ಸತತವಾಗಿ 23 ಸಲ ಗೆದ್ದದ್ದು ಒಂದೇ ಜೋಡಿ: ಆಂಟ್ ಮತ್ತು ಡೆಕ್. ಒಬ್ಬರು ಬಿಟ್ಟ ಮಾತನ್ನು ಇನ್ನೊಬ್ಬರು ನೇರಪ್ರಸಾರದಲ್ಲೇ ಎತ್ತಿಕೊಳ್ಳುವ ಅವರ ಚುರುಕು ಅಪರೂಪದ್ದು. ಆದರೆ 2019ರ ಫಲಿತಾಂಶವನ್ನು ಒಪ್ಪುವುದು ಕಷ್ಟ. ಹಿಂದಿನ ವರ್ಷದ ಬಹುಪಾಲು ಆಂಟ್ ತೆರೆಯ ಮೇಲೆ ಇರಲೇ ಇಲ್ಲ; ಅವರ ರಿಯಾಲಿಟಿ ಶೋ 'ಐಯಾಮ್ ಎ ಸೆಲೆಬ್ರಿಟಿ'ಯನ್ನು ಡೆಕ್ ಜೊತೆ ನಡೆಸಿಕೊಟ್ಟವರು ಹಾಲಿ ವಿಲ್ಲೊಬಿ. ಆದರೂ ಪ್ರಶಸ್ತಿ ಜೋಡಿಗೇ ಬಂತು. ಈ ವರ್ಷ ಇದನ್ನು ಸ್ವೀಕರಿಸಲು ಮನಸ್ಸೊಪ್ಪುತ್ತಿಲ್ಲ ಎಂದು ಆಂಟ್ ವೇದಿಕೆಯ ಮೇಲೆಯೇ ಹೇಳಿದರು.

ವೀಕ್ಷಕರ ಕೈಗೆ ಮತ ಕೊಟ್ಟರೆ ಹೀಗೇ ಆಗುವುದು, ಬಾಫ್ಟಾ ಪ್ರಶಸ್ತಿಗಳಂತೆ ತೀರ್ಪುಗಾರರ ಮಂಡಳಿ ಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2024ರಲ್ಲಿ ಇದೇ ವೀಕ್ಷಕರು ಹೊಸ ನಾಟಕ ಸರಣಿಯ ಪ್ರಶಸ್ತಿಗೆ 'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಅನ್ನು ಆರಿಸಿದರು. ಹೊರೈಜನ್ ಎಂಬ ದೋಷಪೂರಿತ ತಂತ್ರಾಂಶದ ಲೆಕ್ಕವನ್ನು ನಂಬಿ, ಸಣ್ಣ ಅಂಚೆ ಕಚೇರಿಗಳನ್ನು ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರನ್ನು ಕಳ್ಳರೆಂದು ಶಿಕ್ಷಿಸಿದ ಕಥೆ ಅದು. ಹೊಡೆದಾಟವಿಲ್ಲ, ಥಳುಕಿಲ್ಲ, ಲೆಕ್ಕ ಸರಿಹೋಗದೆ ಕಂಪ್ಯೂಟರಿನ ಮುಂದೆ ಕಂಗಾಲಾಗಿ ಕೂತ ಮಧ್ಯವಯಸ್ಕರು, ಪಟ್ಟು ಬಿಡದ ಒಬ್ಬ ಅಂಚೆ ಕಚೇರಿ ನಿರ್ವಾಹಕ. ಜನವರಿಯಲ್ಲಿ ಅದು ಪ್ರಸಾರವಾದಾಗ ಎದ್ದ ಆಕ್ರೋಶ ಎಷ್ಟಿತ್ತೆಂದರೆ, ಮೇ ತಿಂಗಳಿಗೆಲ್ಲ ಆ ಶಿಕ್ಷೆಗಳನ್ನು ರದ್ದುಪಡಿಸುವ ಕಾನೂನನ್ನು ಸಂಸತ್ತು ಅಂಗೀಕರಿಸಿತು. ಇಂಥ ಕೃತಿಯನ್ನು ಗುರುತಿಸಿದ ವೀಕ್ಷಕರಿಗೆ ವಿವೇಚನೆಯಿಲ್ಲ ಎನ್ನುವುದು ಅನ್ಯಾಯ.

ಹಾಗಾದರೆ ಕೊರತೆ ಇರುವುದು ಕೇಳುವ ಪ್ರಶ್ನೆಯಲ್ಲಿ. ನಾಟಕ ಸರಣಿಯ ವಿಭಾಗದಲ್ಲಿ ಕಣ್ಣೆದುರು ಒಂದು ಕೃತಿ ಇರುತ್ತದೆ. ನಿರೂಪಕರ ವಿಭಾಗದಲ್ಲಿ ಬರೀ ಹೆಸರು. ಹೆಸರು ಕೇಳಿದರೆ ಜನ ಪ್ರೀತಿಯನ್ನೇ ಹೇಳುತ್ತಾರೆ. 2025ರಲ್ಲಿ ಗ್ಯಾರಿ ಲಿನೇಕರ್ ಗೆದ್ದು ಆ ಸರಪಳಿ ಮುರಿದಾಗ ಹಲವರು ಸಂಭ್ರಮಿಸಿದರು. ಅವರು ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ 'ಮ್ಯಾಚ್ ಆಫ್ ದಿ ಡೇ'ಯನ್ನು 1999ರಿಂದ ನಡೆಸಿಕೊಟ್ಟವರು. ಸಾಮಾಜಿಕ ಜಾಲತಾಣದ ವಿವಾದವೊಂದರ ಬೆನ್ನಲ್ಲೇ ಬಿಬಿಸಿಯಿಂದ ಹೊರನಡೆದಿದ್ದರು. ಆ ಮತಗಳಲ್ಲಿ ಕೆಲಸಕ್ಕೆ ಬಿದ್ದವೆಷ್ಟು, ನಿಲುವಿಗೆ ಬಿದ್ದವೆಷ್ಟು ಎಂದು ಬಿಡಿಸಿ ನೋಡುವ ದಾರಿಯೇ ಇಲ್ಲ.

ಈ ಸಮಾರಂಭದ ಒಂದು ಗುಣವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಅದನ್ನು ಪ್ರಸಾರ ಮಾಡುವುದು ಐಟಿವಿ ವಾಹಿನಿ. ಆದರೂ ಅದರ ವೇದಿಕೆಯಲ್ಲಿ ಪ್ರತಿಸ್ಪರ್ಧಿ ಬಿಬಿಸಿಯ ಕಾರ್ಯಕ್ರಮಗಳು ಬಂದು ಗೆಲ್ಲುತ್ತವೆ. ತಮ್ಮ ಧಾರಾವಾಹಿಗಳಿಗೆ ತಾವೇ ಪ್ರಶಸ್ತಿ ಕೊಟ್ಟುಕೊಳ್ಳುವ ನಮ್ಮ ಕನ್ನಡ ವಾಹಿನಿಗಳು ಇದನ್ನು ಗಮನಿಸಬೇಕು.

ಇಷ್ಟು ಔದಾರ್ಯ ಇರುವವರಿಗೆ ಒಂದು ತಿದ್ದುಪಡಿ ಕಷ್ಟವಲ್ಲ. ಮತಪತ್ರದಲ್ಲಿ ನಿರೂಪಕರ ಹೆಸರಿನ ಪಕ್ಕ ಆ ವರ್ಷ ಅವರು ನಡೆಸಿಕೊಟ್ಟ ಒಂದು ಕಾರ್ಯಕ್ರಮದ ಹೆಸರಿರಲಿ, ಮತ ಆ ಕಾರ್ಯಕ್ರಮದಲ್ಲಿ ಅವರು ಮಾಡಿದ ಕೆಲಸಕ್ಕೆ ಬೀಳಲಿ.