ಗುಣವಾಚಕದ ತಾರತಮ್ಯ: ಲ್ಯಾಟಿನ್ನಿನ ಪಟ್ಟಿ, ಕನ್ನಡದ ನಡೆ

ಲ್ಯಾಟಿನ್ ವ್ಯಾಕರಣದಲ್ಲಿ ಗುಣವಾಚಕಕ್ಕೆ ಮೂರು ರೂಪ. ಎತ್ತರವಾದದ್ದು ಆಲ್ಟುಸ್, ಇನ್ನೊಂದಕ್ಕಿಂತ ಎತ್ತರವಾದದ್ದು ಆಲ್ಟಿಯೊರ್, ಎಲ್ಲಕ್ಕಿಂತ ಎತ್ತರವಾದದ್ದು ಆಲ್ಟಿಸ್ಸಿಮುಸ್. ಹೋಲಿಕೆಯ ಭಾರವನ್ನು ಹೊರುವುದು ಗುಣವಾಚಕದ ಪ್ರತ್ಯಯವೇ. ಯಾವುದಕ್ಕಿಂತ ಎಂಬುದನ್ನು ಕ್ವಾಮ್ ಎಂಬ ಪದದಿಂದಲೋ ನಮ್ಮ ಪಂಚಮಿಯಂಥ ವಿಭಕ್ತಿಯಿಂದಲೋ ಹೇಳಬಹುದು, ಹೇಳದೆಯೂ ಬಿಡಬಹುದು. ಬಿಟ್ಟಾಗ ಆಲ್ಟಿಯೊರ್ ಎಂದರೆ ‘ತುಸು ಹೆಚ್ಚೇ ಎತ್ತರ’, ಆಲ್ಟಿಸ್ಸಿಮುಸ್ ಎಂದರೆ ‘ಬಲು ಎತ್ತರ’. ಸಂಸ್ಕೃತವೂ ಇದೇ ಕುಲದ್ದು. ಎರಡರ ನಡುವಿನ ಹೋಲಿಕೆಗೆ ತರ, ಈಯಸ್. ಹಲವುಗಳ ನಡುವೆ ತಮ, ಇಷ್ಠ ಎಂಬುದು ಪಾಣಿನಿಯ ವಿಧಿ. ಲ್ಯಾಟಿನ್ನಿನ ಇಯೊರ್ ಈ ಈಯಸ್‌ನ ಒಡಹುಟ್ಟು.

ಇಂಗ್ಲಿಷ್ ಪಾಠದ ಬೆನ್ನು ಹಿಡಿದು ಈ ಪಟ್ಟಿ ಕನ್ನಡಕ್ಕೂ ಬಂದಿದೆ: ಎತ್ತರ, ಹೆಚ್ಚು ಎತ್ತರ, ಅತ್ಯಂತ ಎತ್ತರ. ಇದು ಅನುವಾದಕ್ಕೆ ಒದಗುವ ಪಟ್ಟಿಯೇ ಹೊರತು ಕನ್ನಡದ ವ್ಯಾಕರಣವಲ್ಲ. ಕನ್ನಡದ ನಡೆ ಯಾವುದೆಂದು ತಿಳಿಯಲು ಆಡುಮಾತಿಗೇ ಹೋಗಬೇಕು. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದ ತೀ.ನಂ. ಶ್ರೀಕಂಠಯ್ಯನವರ ಊರಾದ ತೀರ್ಥಪುರ ಇರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಪಕ್ಕದ ಗುಬ್ಬಿಯಲ್ಲಿ ದುಡಿದ ವೆಸ್ಲಿಯನ್ ಪಾದ್ರಿ ಥಾಮಸ್ ಹಾಡ್ಸನ್ 1859ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವೊಂದನ್ನು ಹೊರತಂದ. ವ್ಯಾಕರಣದ ನಂಟು ಇಷ್ಟಿರುವ ಈ ತೆಂಗಿನ ಸೀಮೆಯ ಮಾತನ್ನೇ ಇಲ್ಲಿ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು.

‘ಆ ಮರಕ್ಕಿಂತ ಈ ಮರ ಎತ್ತರ’ ಎಂಬಲ್ಲಿ ಎತ್ತರ ಎಂಬ ಪದ ಕೂದಲೆಳೆಯಷ್ಟೂ ಬದಲಾಗಿಲ್ಲ. ಬದಲಾದದ್ದು ಮರ. ಅದು ಚತುರ್ಥಿಯ ‘ಕ್ಕೆ’ ತಳೆದು, ಅದರ ಮೇಲೆ ‘ಇಂತ’ ಹೊತ್ತು ನಿಂತಿದೆ. ‘ಹೆಚ್ಚು’ ಸೇರಿಸಿದರೂ ಬಿಟ್ಟರೂ ಹೋಲಿಕೆಗೆ ಕುಂದಿಲ್ಲ. ‘ಇಂತ’ ಬಿಟ್ಟರೆ ಮಾತ್ರ ಹೋಲಿಕೆಯೇ ಮುರಿಯುತ್ತದೆ. ಎಲ್ಲವನ್ನೂ ಮೀರಿಸಿದ್ದನ್ನು ಹೇಳಲೂ ಹೊಸ ರೂಪ ಬೇಕಿಲ್ಲ; ‘ಎಲ್ಲಕ್ಕಿಂತ ಎತ್ತರ’ ಎಂದರಾಯಿತು, ‘ತೋಟಕ್ಕೇ ಎತ್ತರದ ಮರ’ ಎಂದರೂ ಆಯಿತು. ಹಾಗಾಗಿ ಈ ಪಾಠದ ನಿಜವಾದ ಜಾಗ ವಿಭಕ್ತಿಯ ಅಧ್ಯಾಯ.

ಎಷ್ಟು ಹೆಚ್ಚು ಎನ್ನುವುದಕ್ಕೆ ಲ್ಯಾಟಿನ್ನಿನಲ್ಲಿ ಅಳತೆಯ ಪದವನ್ನೂ ವಿಭಕ್ತಿಗೆ ಒಳಪಡಿಸಬೇಕು. ಕನ್ನಡದಲ್ಲಿ ಅಳತೆ ಬರಿದೇ ಬಂದು ಕೂರುತ್ತದೆ: ‘ಒಂದಾಳು ಎತ್ತರ’. ಬೆಲೆಯ ಮಾತೂ ಹೀಗೆಯೇ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಕ್ವಿಂಟಾಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಈ ಅಂತರವನ್ನು ಹೇಳುವ ರೀತಿ, ‘ಎಣ್ಣೆ ಕೊಬ್ಬರಿಗಿಂತ ಉಂಡೆಗೆ 518 ರೂಪಾಯಿ ಹೆಚ್ಚು’.

ಲ್ಯಾಟಿನ್ನಿನಲ್ಲಿ ಬೊನುಸ್, ಮೆಲಿಯೊರ್, ಒಪ್ಟಿಮುಸ್ ಎಂದು ‘ಒಳ್ಳೆಯ’ ಎಂಬುದರ ಮೂರು ರೂಪಗಳಿಗೂ ಬೇರೆ ಬೇರೆ ಬುಡ. ಕನ್ನಡದಲ್ಲೂ ಇದಕ್ಕೆ ಹತ್ತಿರದ್ದೊಂದು ಇದೆ, ವ್ಯಾಕರಣಗಳು ಅದಕ್ಕೆ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ: ಮೇಲು, ವಾಸಿ. ‘ಆ ಮಾಲಿಗಿಂತ ಈ ಮಾಲು ವಾಸಿ’ ಎಂದಾಗ ಎರಡೂ ಕೊಬ್ಬರಿ ಸಾಧಾರಣವೇ ಇರಬಹುದು. ವಾಸಿ ಎಂಬುದು ಗುಣದ ಪ್ರಮಾಣಪತ್ರವಲ್ಲ, ಎರಡರ ನಡುವಿನ ಅಂತರ ಮಾತ್ರ. ಅದಕ್ಕೇ ‘ಎಷ್ಟೋ ವಾಸಿ’, ‘ಎಷ್ಟೋ ಮೇಲು’ ಎನ್ನುತ್ತಾರೆ. ‘ಎಷ್ಟೋ ಒಳ್ಳೆಯದು’ ಎಂದರೂ ಮನಸ್ಸಿನಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಹೋಲಿಕೆಯನ್ನು ಪದದ ಒಳಗೇ ಇಟ್ಟುಕೊಂಡ ಇಂಥವುಗಳಿಗೆ ಪಾಠದಲ್ಲಿ ಮೊದಲ ಮಣೆ ಸಲ್ಲಬೇಕು.

ಸಂಸ್ಕೃತದಿಂದ ಬಂದ ರೂಪಗಳು ಕನ್ನಡದಲ್ಲಿ ತಾರತಮ್ಯದ ಕಸುವನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ‘ಉತ್ತಮ’ದಲ್ಲಿರುವ ತಮ ಯಾರಿಗೂ ಕೇಳಿಸುವುದಿಲ್ಲ, ಅದರಿಂದಲೇ ‘ಅದಕ್ಕಿಂತ ಉತ್ತಮ’, ‘ಅತ್ಯುತ್ತಮ’ ಎಂಬ ಮಾತುಗಳು ಸಲೀಸಾಗಿ ಬರುತ್ತವೆ. ‘ಕನಿಷ್ಠ ಬೆಂಬಲ ಬೆಲೆ’ಯಲ್ಲಿ ಮಾತ್ರ ಇಷ್ಠ ಇನ್ನೂ ತನ್ನ ಕೆಲಸ ಮಾಡುತ್ತಿದೆ.

ಪದದ ಮೈಯೇ ಬದಲಾಗಿ ಪರಮಾವಧಿಯನ್ನು ಹೇಳುವುದು ಅಚ್ಚಗನ್ನಡದಲ್ಲಿ ಒಂದು ಕಡೆ ಉಂಟು: ತುತ್ತತುದಿ, ಕಟ್ಟಕಡೆ, ನಟ್ಟನಡು, ಮೊತ್ತಮೊದಲು. ಶಾಲಾ ವ್ಯಾಕರಣ ಇವನ್ನು ದ್ವಿರುಕ್ತಿಯಲ್ಲಿ ಸೇರಿಸಿ ಮುಂದೆ ಹೋಗುತ್ತದೆ. ತೆಂಗಿನ ಸುಳಿ ಇರುವುದು ಮರದ ತುತ್ತತುದಿಯಲ್ಲಿ, ಅದರಾಚೆಗೆ ಮರವಿಲ್ಲ. ಅರ್ಥದಲ್ಲಿ ಇದು ಲ್ಯಾಟಿನ್ನಿನ ಮೂರನೆಯ ರೂಪಕ್ಕೆ ಸರಿಗಟ್ಟುತ್ತದೆ. ಆದರೆ ಈ ರಚನೆ ಜಾಗವನ್ನೋ ಸರದಿಯನ್ನೋ ಹೇಳುವ ಕೆಲವೇ ಪದಗಳಿಗೆ ಸೀಮಿತ. ಸಿಹಿ, ಎತ್ತರ, ದಪ್ಪ ಮುಂತಾದ ಗುಣಗಳಿಗೆ ಇದು ಹಬ್ಬುವುದಿಲ್ಲ. ಅವುಗಳಿಗೆ ‘ಎಲ್ಲಕ್ಕಿಂತ’ವೇ ಗತಿ.